ನನ್ನ ಕೈ ಕಂಬದ ಮೇಲಿರುವಷ್ಟು ಹೊತ್ತು

ಜೀಡಿಮೆಟ್ಲಾ
ಶನಿವಾರ, ಮಧ್ಯಾಹ್ನ

ನನ್ನ ಹುಲಗೇಶನಿಗೆ, ಅವ್ವ ಬರೆಯುವುದು.

ಮೊದಲು ರೊಟ್ಟಿ ತಿನ್ನು, ಆಮೇಲೆ ಓದು. ಹಸಿದ ಹೊಟ್ಟೆಯಲ್ಲಿ ಓದಿದರೆ ನಿನಗೆ ಸಿಟ್ಟು ಬೇಗ ಬರುತ್ತದೆ. ಸಣ್ಣವನಿದ್ದಾಗಿನಿಂದ ಇರುವ ಚಾಳಿ ಅದು. ಈ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬುತ್ತಿಗಂಟಿನ ಅಡಿಯಲ್ಲಿ ಇಡುತ್ತೇನೆ. ಆದರೂ ಪುಂಡಿಪಲ್ಯದ ಎಣ್ಣೆ ಇಳಿದು ಅಕ್ಷರ ಅಳಿಸಿಬಿಟ್ಟರೆ ಏನು ಗತಿ ಅಂತ ಬರೆಯುವ ಮೊದಲೇ ಹೆದರಿಕೆ. ಬುತ್ತಿ ತರುವ ಗುರುಶಾಂತನಿಗೆ ಒಳಗೆ ಕಾಗದ ಇರುವುದನ್ನು ಹೇಳುವುದಿಲ್ಲ. ಅವನೂ ನಿನ್ನ ಜೊತೆ ಕ್ಯಾಬ್ ಓಡಿಸುವವ, ನಿಮ್ಮ ಪಡೆಯವನೇ. ದಾರಿಯಲ್ಲಿ ಓದಿಬಿಟ್ಟಾನು.

ನಾಲ್ಕನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟವಳ ಬರಹ ಇದು. ತಮ್ಮಂದಿರನ್ನು ಎತ್ತಿಕೊಳ್ಳುವವರು ಬೇಕಾಗಿತ್ತು, ಬಿಡಿಸಿದರು. ಮುಂದೆ ನೀನು ಬರೆಯಲು ಕಲಿಯುವಾಗ ನಿನ್ನ ಪಕ್ಕ ಕುಳಿತು ಉಳಿದರ್ಧ ಕಲಿತೆ. ಹಾಗಾಗಿ ತಪ್ಪಿದ್ದಲ್ಲಿ ಅರ್ಧ ತಪ್ಪು ನಿನ್ನದೂ ಇರುತ್ತದೆ. ನಿನಗೆ ಗೊತ್ತಿರುವುದನ್ನೇ ಎಷ್ಟೋ ಕಡೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಒಂದು ಮಾತು ಬಿಟ್ಟರೆ ಎಲ್ಲವೂ ಉಲ್ಟಾ ಆಗುತ್ತದೆ ಎಂಬ ಭಯ ನನಗೆ.

ಕಳೆದ ಭಾನುವಾರ ಸಭೆಯಿಂದ ಬಂದ ಮೇಲೆ ನಾನು ಒಂದೇ ಮಾತು ಅಂದೆ. "ಆ ಹುಡುಗೀನ ಮಾತಾಡಾಕ ಬಿಡಬೇಕಿತ್ತೋ ಹುಲಗ್ಯಾ." ನೀನು ಕೈ ತೊಳೆಯುತ್ತಿದ್ದೆ. "ನೀನೂ ಅವರ ಕಡೆ ಸೇರಿದಿ ಏನ್ಬೇ?" ಅಂದವನು ಒದ್ದೆ ಕೈಯಲ್ಲೇ ಗಾಡಿಯ ಕೀಲಿ ತೆಗೆದುಕೊಂಡು ಹೋದೆ. ಅಂದಿನಿಂದ ಮಾದಾಪುರದ ಡ್ರೈವರುಗಳ ಕೋಣೆಯಲ್ಲೇ ಇದ್ದೀ. ಫೋನ್ ಮಾಡಿದರೆ "ಡ್ಯೂಟಿಯೊಳಗ ಅದೀನಿ" ಅಂತ ಇಡುತ್ತೀ. ಊಟ ಮಾಡಿದೆಯೋ ಇಲ್ಲವೋ ಅಂತ ಕೇಳುವಷ್ಟರಲ್ಲಿ ಟುಯ್ ಅನ್ನುತ್ತದೆ.

ನಾಳೆ ಮತ್ತೆ ಸಂಘದ ಸಭೆ. ನಿನ್ನ ಪಡೆಯನ್ನು ನಡೆಯಲು ಬಿಡುವುದೋ, ಬಂದ್ ಮಾಡುವುದೋ ಅಂತ ನಾಳೆ ಕೈ ಎತ್ತುತ್ತಾರೆ. ಅಲ್ಲಿ ನಾನು ಏನು ಮಾಡುತ್ತೇನೆ ಎಂಬುದು ನಿನಗೆ ಎಲ್ಲರೆದುರು ಗೊತ್ತಾಗಬಾರದು. ರೊಟ್ಟಿಯ ಜೊತೆ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಸಂಘದ ಭವನದ ಆ ಕಂಬದ ಕಥೆ ನಿನಗೆ ಹೇಳಿದ್ದೇನೋ ಇಲ್ಲವೋ. ಭವನಕ್ಕೆ ತಗಡಿನ ಚಾವಣಿ ಬರುವ ಮೊದಲು ಅಲ್ಲಿ ನಡುಗಂಬ ಒಂದೇ ನಿಂತಿತ್ತು. ನಿಮ್ಮಪ್ಪ ಅಮೃತಪ್ಪ ಮತ್ತು ನಮ್ಮ ಲಿಂಗಸುಗೂರು, ಕುಷ್ಟಗಿ ಕಡೆಯಿಂದ ಈ ತೆಲುಗು ಊರಿಗೆ ಕೂಲಿಗೆ ಬಂದ ಮಂದಿ ಹಗಲೆಲ್ಲ ಮಾದಾಪುರದ ಗಾಜಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು, ಸಂಜೆ ಬಂದು ಎಬ್ಬಿಸಿದ ಕಂಬ ಅದು. ಆಗ ಬಸ್ತಿಯ ನಲ್ಲಿಯ ಹತ್ತಿರ ನಮಗೆ ಪಾಳಿ ಇರಲಿಲ್ಲ. "ಎಕ್ಕಡಿವಾಳ್ಳು ಮೀರು?" ಅನ್ನುವರು. ಎಲ್ಲಿಯವರು ನೀವು ಅಂತ ಕೇಳುವುದು, ನಾವು ಬಾಯಿ ತೆರೆಯುವಷ್ಟರಲ್ಲಿ ಕಾಲಿನಿಂದ ನಮ್ಮ ಕೊಡವನ್ನು ಸರಿಸುವುದು. ಒಂದು ಸಂಜೆ ನಿಮ್ಮಪ್ಪ ಆ ಬೋಳು ಕಂಬವನ್ನು ಹಿಡಿದು ನಿಂತು ಎಲ್ಲರ ಮುಂದೆ ಆ ಕೊಡದ ದೂರು ಹೇಳಿದರು. ದಣಿವಿಗೆ ಆಸರೆಯಾಗಿ ಹಿಡಿದದ್ದು, ಅಷ್ಟೇ. ಆದರೆ ಮುಂದೆ ಅದೇ ನಮ್ಮ ಸಂಘದ ಪದ್ಧತಿಯಾಯಿತು. ಬರೆಯಲು ಬರದ ಮಂದಿ ನಾವು, ಅರ್ಜಿ ಯಾರು ಬರೆಯಬೇಕು? ದೂರು ಇದ್ದವರು ಕಂಬ ಹಿಡಿಯಬೇಕು. ಕೈ ಕಂಬದ ಮೇಲೆ ಇರುವಷ್ಟು ಹೊತ್ತು ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಉತ್ತರ ಕೊಡುವವರೂ ಕಂಬ ಹಿಡಿದೇ ಕೊಡಬೇಕು. ಯಾರದಾದರೂ ಹೊಣೆ ಹೊರುವುದಿದ್ದರೂ ಹಾಗೆಯೇ.

ನಿನ್ನ ಪಡೆಯ ಹೊಣೆ ಹೊತ್ತವಳು ನಾನು. ಸದಸ್ಯರು ಯಾರಾದರೂ ಹೊಣೆ ನಿಂತರೆ ಮಾತ್ರ ಭವನದ ಕೀಲಿ ಸಿಗುತ್ತದೆ. ಸದಸ್ಯತ್ವವೋ ಮನೆಗೊಂದು, ಅದೂ ಸ್ವಂತ ಮನೆಯಿದ್ದವರಿಗೆ. ನಿಮ್ಮಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯದು ನನ್ನ ಹೆಸರಿಗೆ ಬಂತು. "ಬಸ್ತಿ ರಕ್ಷಣಾ ಪಡೆ ಅಂತ ಮಾಡಾಕತ್ತೀವಿ ಬೇ, ನಾಲಿ ಸ್ವಚ್ಛ ಮಾಡೂದು, ರಕ್ತ ಕೊಡೂದು, ಅಷ್ಟ" ಅಂತ ನೀನು ಹೇಳಿದಾಗ ನಾನು ಖುಷಿಯಿಂದ ಕಂಬ ಹಿಡಿದು "ಇವರ ಹೊಣೆ ನಂದು" ಅಂದೆ. ಸುಳ್ಳೇನಲ್ಲ, ನೀವು ನಾಲಿಯ ಕೊಚ್ಚೆ ಬಳಿದು ಸ್ವಚ್ಛ ಮಾಡಿದಿರಿ. ನಮ್ಮ ಸಂಘದ ಸಾಬಣ್ಣನ ಸೊಸೆಗೆ ಹೆರಿಗೆ ನೋವು ಬಂದಾಗ ನಿನ್ನ ಕ್ವಾಲಿಸ್ ಗಾಡಿಯಲ್ಲೇ ಆಸ್ಪತ್ರೆಗೆ ಒಯ್ದೆ. ಸೀಟು ಕೆಟ್ಟಿತು ಅಂತ ಮಾಲಕ ಬೈದರೂ ಬೈಸಿಕೊಂಡೆ. ಅದನ್ನು ನಾನು ಮರೆತಿಲ್ಲ.

ನಿನ್ನ ಸಿಟ್ಟೂ ಸುಳ್ಳಲ್ಲ. ಅಮೀರ್‌ಪೇಟೆಯಲ್ಲಿ ಕಂಪ್ಯೂಟರಿನ ಆ ಜಾವಾ ಕಲಿಯಲು ನೀನು ಎಷ್ಟು ಓಡಾಡಿದೆ. ಬಸ್ಸಿನಲ್ಲಿ ನಿಂತೇ ಓದುತ್ತಿದ್ದೆ. ಇಂಟರ್ವ್ಯೂಗೆ ಹೋದಲ್ಲೆಲ್ಲ ನಿನ್ನ ಇಂಗ್ಲಿಷ್ ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಈಗ ಅದೇ ಕಂಪನಿಗಳ ಹುಡುಗ ಹುಡುಗಿಯರನ್ನು ಕ್ಯಾಬಿನಲ್ಲಿ ಒಯ್ಯುತ್ತೀ. ಹಿಂದಿನ ಸೀಟಿನಲ್ಲಿ ಅವರು ಡ್ರೈವರ್ ಇಲ್ಲವೇ ಇಲ್ಲ ಎಂಬಂತೆ ಮಾತಾಡುತ್ತಾರೆ ಅಂತ ನೀನು ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ. ಅದೇ ಹೊತ್ತಿಗೆ ಬಸ್ತಿಯ ಬಾಡಿಗೆ ಏರಿತು. ಜನಾರ್ದನ ಅವರು ತಮ್ಮ ಮಾಳಿಗೆಯ ಕೋಣೆಗಳನ್ನು ಆಫ್ರಿಕಾದಿಂದ ಓದಲು ಬಂದ ಹುಡುಗರಿಗೆ ಕೊಟ್ಟರು. ನಿನಗೆ ಸಿಟ್ಟು ಇಳಿಸಲು ಒಂದು ಜಾಗ ಬೇಕಿತ್ತು, ಸಿಕ್ಕಿತು. ಇಂಟರ್ವ್ಯೂನಲ್ಲಿ ನಿನ್ನನ್ನು ನೋಡಿ ನಕ್ಕವರಲ್ಲಿ ಆ ಹುಡುಗರು ಯಾರೂ ಇರಲಿಲ್ಲ. ಇದನ್ನು ನಿನಗೆ ಆಗಲೇ ಹೇಳಬೇಕಿತ್ತು. ಬೈದರೆ ಊಟ ಬಿಡುತ್ತೀ ಅಂತ ಹೆದರಿ ಸುಮ್ಮನಾದೆ.

ಗಣಪತಿ ಪೆಂಡಾಲಿನ ಭಾಷಣಕ್ಕೆ ಬರುತ್ತೇನೆ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯಬೇಕು.

ಕಾರ್ಖಾನೆಯ ನನ್ನ ಕೆಲಸವನ್ನು ನಾನು ನಿನಗೆ ಸಣ್ಣಂದಿನಿಂದ ಕಥೆಯ ಹಾಗೆ ಹೇಳಿದ್ದೆ. ಬೆಲ್ಟಿನ ಮೇಲೆ ಗುಳಿಗೆಗಳು ಬರುತ್ತವೆ. ಬಿಳಿ ಗುಳಿಗೆ ಓಡುವಾಗ ಹಿಂದಿನ ಔಷಧದ ಬೇರೆ ಬಣ್ಣದ ಗುಳಿಗೆ ಒಂದು ಎಲ್ಲಿಯೋ ಸಿಕ್ಕಿಕೊಂಡಿದ್ದು ನಡುವೆ ಬಂದರೆ ಕೆಂಪು ಗುಂಡಿ ಒತ್ತಬೇಕು. ಲೈನು ನಿಲ್ಲುತ್ತದೆ. ಅದನ್ನು ಆರಿಸಿ ತೆಗೆದು, ಎಲ್ಲ ಒರೆಸಿ, ಮತ್ತೆ ಶುರು. ನನ್ನ ಸ್ವಭಾವ ನಿನಗೆ ಗೊತ್ತು, ನೆರಳು ಬಿದ್ದರೂ ಗುಂಡಿ ಒತ್ತುತ್ತೇನೆ. "ಸುಗಲಮ್ಮಾ, ಲೈನ್ ಆಪಡಾನಿಕೇ ಪುಟ್ಟಾವಾ?" ಅಂತ ಸೂಪರ್‌ವೈಜರ್ ತೆಲುಗಿನಲ್ಲಿ ರೇಗುತ್ತಾನೆ, ಲೈನು ನಿಲ್ಲಿಸಲೆಂದೇ ಹುಟ್ಟಿದ್ದೀಯಾ ಅಂತ. ಮನೆಗೆ ಬಂದು ಅದನ್ನು ಹೇಳಿ ನಿನ್ನನ್ನು ನಗಿಸುತ್ತಿದ್ದೆ.

ಪೆಂಡಾಲಿನಲ್ಲಿ ನೀನು ಮೈಕು ಹಿಡಿದು ಏನಂದೆ? "ನಮ್ಮವ್ವ ಗುಳಿಗಿ ಫ್ಯಾಕ್ಟರಿಯೊಳಗ ಅದಾಳ. ಬಿಳೀ ಸಾಲಿನೊಳಗ ಒಂದು ಕರೀ ಗುಳಿಗಿ ಬಂತಂದ್ರ ಆರಿಸಿ ಒಗೀತಾಳ. ನಾವೂ ಅದನ್ನ ಮಾಡೂದು!" ಎಲ್ಲರೂ ಚಪ್ಪಾಳೆ ಹೊಡೆದರು. ಹಿಂದೆ ತಿರುಗಿ ನನ್ನನ್ನು ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ, ಹುಲಗೇಶ. ನಕ್ಕೆ. ಮಗ ಮೈಕಿನಲ್ಲಿ ನನ್ನ ಸುದ್ದಿ ಹೇಳಿದ ಅಂತ ಹಿಗ್ಗಿದೆ. ನೀನು ಏನು ಅಂದೆ ಎಂಬುದು ತಲೆಗೆ ಹೋಗಿದ್ದು ಮನೆಗೆ ಬಂದು ಒಲೆ ಹಚ್ಚಿದ ಮೇಲೆ. ನಿನ್ನನ್ನು ನಗಿಸಲು ಹೇಳಿದ ಕಥೆಯನ್ನು ನೀನು ಎಲ್ಲಿಗೆ ಒಯ್ದೆ! ಅಂದಿನಿಂದ ಆ ಬೆಲ್ಟಿನ ಮುಂದೆ ನಿಂತರೆ ಮೈಮೇಲೆ ಬಟ್ಟೆ ಇಲ್ಲದಂತೆ ಆಗುತ್ತದೆ.

ಆ ಬೆಲ್ಟಿನ ಆಚೆ ಬದಿಗೆ ನಿಲ್ಲುವವಳು ಸುಹಾಸಿನಿ. ಜನಾರ್ದನ ಅವರ ಮಾಳಿಗೆಯಲ್ಲಿ ಒಂದು ಕೋಣೆ ಹಿಡಿದಿರುವವಳು, ಸಭೆಯಲ್ಲಿ ನೀನು ಮಾತಾಡಲು ಬಿಡದ ಅದೇ ಹುಡುಗಿ. ನೀನು ಅವಳನ್ನು ಆಫ್ರಿಕಾದವಳು ಅಂತ ತಿಳಿದೆ. ಅವಳು ಯಲ್ಲಾಪುರದ ಕಡೆಯ ಸಿದ್ದಿ ಹುಡುಗಿ. ಅವರ ಹಿರಿಯರನ್ನು ಎಷ್ಟೋ ತಲೆಮಾರಿನ ಹಿಂದೆ ಹಡಗಿನಲ್ಲಿ ತಂದು ಮಾರಿದರಂತೆ, ಕಾಡು ಸೇರಿ ಬದುಕಿದರಂತೆ. ನಮ್ಮಂತೆಯೇ ಕನ್ನಡ ಮಾತಾಡುತ್ತಾಳೆ. ನಮಗಿಂತ ಮೆತ್ತಗೆ ಮಾತಾಡುತ್ತಾಳೆ. "ಎಂತ ಅಕ್ಕಾ, ಬುತ್ತಿಗೆ ಎಂತ ತಂದ್ರಿ?" ಅನ್ನುತ್ತಾಳೆ. ಅವಳ "ಎಂತ" ಕೇಳಿ ನಾವು ಪ್ಯಾಕಿಂಗಿನ ಹೆಂಗಸರು ನಗುತ್ತಿದ್ದೆವು, ಅವಳೂ ನಗುತ್ತಿದ್ದಳು. ನನ್ನ ರೊಟ್ಟಿ ಅವಳಿಗೆ, ಅವಳ ಗಂಜಿಯ ಉಪ್ಪಿನಕಾಯಿ ನನಗೆ.

ಭಾಷಣದ ಮರುದಿನ ಅವಳು ಸ್ಟ್ರಿಪ್ಪುಗಳನ್ನು ಜೋಡಿಸುತ್ತಾ, ತಲೆ ಎತ್ತದೆ, "ನಿಮ್ಮ ಮಗ ಚಲೋ ಭಾಷಣ ಮಾಡ್ತಾರಂತೆ ಅಕ್ಕಾ. ಗುಳಿಗೆ ಕಥೆ ಹೇಳಿದ್ರಂತೆ" ಅಂದಳು. ನಾನು "ಹುಡುಗ್ರು, ಏನೋ ಅಂತಾವ" ಅಂದೆ. "ಹೌದು" ಅಂದಳು. ಅಷ್ಟೇ. ಆ ದಿನ ಬುತ್ತಿ ಬಿಚ್ಚುವಾಗ ಅವಳು ನನ್ನ ಪಕ್ಕ ಕೂರಲಿಲ್ಲ. ಕೂರಲಿಲ್ಲವಲ್ಲ ಅಂತ ನನಗೆ ಒಳಗೊಳಗೆ ಸಮಾಧಾನವೂ ಆಯಿತು. ಕುಳಿತಿದ್ದರೆ ಮುಖ ಎಲ್ಲಿ ಇಟ್ಟುಕೊಳ್ಳಲಿ?

ಮತ್ತೆ ನಲ್ಲಿಯ ಸಂಗತಿ. ಅದನ್ನು ಅವಳು ನನಗೆ ಹೇಳಲಿಲ್ಲ, ತರಕಾರಿ ಗಾಡಿಯ ಸುವರ್ಣಾ ಹೇಳಿದಳು. ನೀವು ನಾಲ್ಕೈದು ಮಂದಿ ನಲ್ಲಿಯ ಹತ್ತಿರ ನಿಂತಿದ್ದಿರಂತೆ. "ಪಾಸ್‌ಪೋರ್ಟ್ ತೋರಿಸು" ಅಂದಿರಂತೆ. ಅವಳು "ನಂಗೆ ಪಾಸ್‌ಪೋರ್ಟ್ ಎಂತಕ್ಕೆ? ನಾನು ಯಲ್ಲಾಪುರದವಳು" ಅಂದಳಂತೆ. "ಏ, ಕನ್ನಡ ಕಲಿಸಿ ಕಳಿಸ್ಯಾರಲೇ ಇಕಿಗೆ!" ಅಂತ ಗುರುಶಾಂತ ನಕ್ಕನಂತೆ. ಆಮೇಲೆ ಅವಳ ಕೊಡವನ್ನು ಯಾರೋ ಕಾಲಿನಿಂದ ಸರಿಸಿದರಂತೆ. ಯಾರು ಅಂತ ಕೇಳಿದೆ. ಸುವರ್ಣಾ ನನ್ನ ಮುಖ ನೋಡಿ, ತಕ್ಕಡಿ ಒರೆಸುತ್ತಾ, "ನಿನ್ನ ಹೊಟ್ಟೀಲೆ ಹುಟ್ಟಿದವನ ಯವ್ವಾ" ಅಂದಳು.

ಅದೇ ನಲ್ಲಿ, ಹುಲಗೇಶ. ನಿಮ್ಮಪ್ಪನ ಕೊಡವನ್ನು ಸರಿಸಿದ ನಲ್ಲಿ. ಎಲ್ಲಿಯವಳು ನೀನು ಅಂತ ಕೇಳಿ, ಉತ್ತರವನ್ನು ನಂಬದೆ, ಕಾಲು ಹಾಕಿದ್ದು ಅವರ ಮಗ. ಅಂದು ಕೊಡ ಸರಿಸಿದವರ ಮನೆಯಲ್ಲೂ ಒಬ್ಬ ತಾಯಿ ಇದ್ದಿರಬೇಕಲ್ಲ, ಅವಳಿಗೆ ಗೊತ್ತಿತ್ತೋ ಇಲ್ಲವೋ, ಗೊತ್ತಿದ್ದರೆ ಅವಳು ಏನು ಮಾಡಿದಳು ಅಂತ ಈಗ ದಿನವೂ ಯೋಚನೆ ಬರುತ್ತದೆ. ಅವಳು ಏನೂ ಮಾಡಲಿಲ್ಲ. ಮಾಡಿದ್ದರೆ ನಮಗೆ ಗೊತ್ತಾಗುತ್ತಿತ್ತು.

ಕಳೆದ ಸಭೆಯಲ್ಲಿ ಸುಹಾಸಿನಿ ತಾನೇ ಬಂದು ಕಂಬ ಹಿಡಿದಳು. ಅವಳು ಬಾಯಿ ತೆರೆದಿದ್ದಳು, ಅಷ್ಟರಲ್ಲೇ ನೀನು "ಸದಸ್ಯಳಲ್ಲ! ಕೈ ತೆಗಿ!" ಅಂತ ಕೂಗಿದೆ. ಹಿಂದಿನಿಂದ ಉಳಿದವರೂ ಕೂಗಿದರು. ಅಧ್ಯಕ್ಷ ಸುಬ್ಬರಾಯರು ಕನ್ನಡಕ ತೆಗೆದು, ಒರೆಸಿ, "ನಿಯಮ ಹಾಗೇ ಇದೆಯಮ್ಮ, ಬಾಡಿಗೆಯವರಿಗೆ ಕಂಬ ಇಲ್ಲ" ಅಂದರು. ಅವಳು ಕೈ ತೆಗೆದಳು. ತೆಗೆದ ಕೈಯನ್ನು ಎಲ್ಲಿ ಇಡಬೇಕೆಂದು ಗೊತ್ತಾಗದೆ ಸ್ವಲ್ಪ ಹೊತ್ತು ಗಾಳಿಯಲ್ಲೇ ಹಿಡಿದು ನಿಂತಿದ್ದಳು. ನಾನು ನನ್ನ ಕಾಲ್ಬೆರಳು ನೋಡುತ್ತಾ ಕುಳಿತಿದ್ದೆ.

ಆಮೇಲೆ ಪಡೆ ಬಂದ್ ಮಾಡಬೇಕೆಂಬ ಮಾತು ಎದ್ದಾಗ ನೀನು ಹೋಗಿ ಅದೇ ಕಂಬ ಹಿಡಿದು ಮಾತಾಡಿದೆ. ಸದಸ್ಯಳಲ್ಲ ಅಂತ ಕೂಗಿದ ನೀನೂ ಸದಸ್ಯನಲ್ಲ, ಮಗಾ. ನಮ್ಮ ಮನೆಯ ಸದಸ್ಯತ್ವ ನನ್ನದು. ಅದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಿತು, ಸುಮ್ಮನಿದ್ದೆ.

ನೀನು ಚೆನ್ನಾಗಿ ಮಾತಾಡಿದೆ, ಅದನ್ನೂ ಹೇಳಬೇಕು. "ನಾವು ಯಾರನ್ನ ಹೊಡದೀವಿ? ಒಂದು ಕಲ್ಲರ ಒಗದೀವೇನು? ಕರಿಯರಿಗೆ ಮನಿ ಕೊಡಬ್ಯಾಡ್ರಿ ಅಂತ ಬೋರ್ಡ್ ಬರದೀವಿ, ಮಾತಾಡೀವಿ. ಮಾತಾಡಿದ್ದಕ್ಕ ಬಂದ್ ಮಾಡ್ತೀರಿ ಅಂದ್ರ ಇದು ಸಂಘನೋ, ಪೊಲೀಸ್ ಠಾಣೆನೋ?" ಅಂದೆ. ಸುಬ್ಬರಾಯರು ತಲೆ ಆಡಿಸಿದರು. ಅವರು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಯೂನಿಯನ್ ನಡೆಸಿದವರು, ಯಾವುದೇ ಸಂಘಟನೆಯನ್ನು ಬಂದ್ ಮಾಡಿಸುವುದೆಂದರೆ ಅವರಿಗೆ ಆಗುವುದಿಲ್ಲ. "ಹುಡುಗರ ಮಾತು ನನಗೂ ಅಸಹ್ಯವೇ. ಆದ್ರೆ ಇವತ್ತು ಮಾತು ಹಿಡಿಸ್ಲಿಲ್ಲ ಅಂತ ಇವರಿಗೆ ಬಾಗಿಲು ಹಾಕಿದ್ರೆ, ನಾಳೆ ನಮ್ಮ ಮಾತು ಹಿಡಿಸದೋರು ನಮಗೆ ಹಾಕ್ತಾರೆ" ಅಂದರು. ದೇಶದಲ್ಲೂ ಒಂದು ಸಂಘಟನೆಯನ್ನು ನಿಷೇಧ ಮಾಡಬೇಕೆಂದರೆ ಸರ್ಕಾರ ಕಾರಣ ಹೇಳಬೇಕಂತೆ, ನ್ಯಾಯಾಧೀಶರು ಅದನ್ನು ನೋಡಬೇಕಂತೆ, ನಿಷೇಧ ಆದವರಿಗೂ ಉತ್ತರ ಕೊಡಲು ಬಿಡಬೇಕಂತೆ. ಜರ್ಮನಿ ಎಂಬ ದೇಶದಲ್ಲಿ ಅಂಥದೇ ಒಂದು ಬಣ್ಣ ನೋಡುವ ಪಕ್ಷವನ್ನು ಬಂದ್ ಮಾಡಿಸಲು ಸರ್ಕಾರ ಕೋರ್ಟಿಗೆ ಹೋಗಿತ್ತಂತೆ. ನೋಡಿದರೆ ಆ ಪಕ್ಷದ ಮೇಲಿನ ಜಾಗಗಳಲ್ಲೇ ಸರ್ಕಾರದ ಗೂಢಚಾರರು ಇದ್ದರಂತೆ. ಪಕ್ಷದ ಮಾತು ಯಾವುದು, ಸರ್ಕಾರದವರ ಮಾತು ಯಾವುದು ಅಂತ ತಿಳಿಯದೆ ಕೋರ್ಟು ಮೊಕದ್ದಮೆಯನ್ನೇ ನಿಲ್ಲಿಸಿತಂತೆ.

"ಸರ, ನಿಮ್ಮ ಜರ್ಮನಿ ಇರ್ಲಿ, ನಮ್ಮ ಗಲ್ಲಿ ನೋಡ್ರಿ" ಅಂತ ಸುವರ್ಣಾ ಕುಳಿತಲ್ಲಿಂದಲೇ ಅಂದಳು. "ಯಾವಾಗ ಬಂದ್ ಮಾಡ್ತೀರಿ? ಆ ಹುಡುಗಿ ಹೆಣ ಎತ್ತಿದ ಮ್ಯಾಲೇನು?" ನೀನು ಬಿಟ್ಟೆಯಾ? "ಸುವರ್ಣಕ್ಕಾ, ನಿನ್ನ ಗಾಡಿ ನಾಲ್ಯಾಗ ಬಿದ್ದಾಗ ಎತ್ತಿದವ್ರು ಯಾರು? ಪಡೆ!" ಅಂದೆ. "ಒಮ್ಮಿ ಎತ್ತೀರಿ ಅಂತ ಸಾಯೂತನಕ ನಿಮ್ಮನ್ನ ಹೊತ್ಕೊಂಡು ತಿರಗಲೇನೋ?" ಅಂದಳು. ಭವನವೆಲ್ಲ ನಕ್ಕಿತು. ನಗುವಿನಲ್ಲೇ ಸಭೆ ಮುಂದಕ್ಕೆ ಹೋಯಿತು.

ನನಗೆ ನಗು ಬರಲಿಲ್ಲ. ಆ ಜರ್ಮನಿಯ ಮಾತೇ ಕಿವಿಯಲ್ಲಿ ಕುಳಿತಿತ್ತು. ನಿಮ್ಮ ಪಡೆಯೊಳಗೆ ಯಾರಿದ್ದಾರೆ? ಸಂಘದ ಮನೆಮನೆಯ ಮಕ್ಕಳೇ. ಹೊಣೆ ಯಾರದು? ನನ್ನದು. ಬಂದ್ ಮಾಡಬೇಕಾದವರು ಯಾರು, ಬಂದ್ ಆಗಬೇಕಾದವರು ಯಾರು? ಮತ್ತೆ, ಯಾರನ್ನೂ ಹೊಡೆದಿಲ್ಲ ಎಂಬ ಮಾತು. ಹೌದು, ಹೊಡೆದಿಲ್ಲ. ಆದರೆ ಸುಹಾಸಿನಿ ಈಗ ಕಾರ್ಖಾನೆಯಿಂದ ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೋಗುತ್ತಾಳೆ. ಕಿರಾಣಿ ಅಂಗಡಿಯವ ಅವಳನ್ನು ಕಂಡರೆ ಬೆನ್ನು ತಿರುಗಿಸುತ್ತಾನೆ. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತಾಳಂತೆ, ಸದ್ದು ಆಗಬಾರದು ಅಂತ. ಆ ಓದುವ ಹುಡುಗರಂತೂ ಒಬ್ಬೊಬ್ಬರೇ ಬಿಟ್ಟುಹೋದರು. ಕಲ್ಲು ಒಗೆಯದೆ ಇಷ್ಟು ಆಗುವುದಾದರೆ ಕಲ್ಲು ಯಾತಕ್ಕೆ ಬೇಕು?

ನನ್ನ ಕೆಂಪು ಗುಂಡಿಯ ಮಾತು ಸಭೆಯಲ್ಲಿ ಬಾಯಿತನಕ ಬಂದಿತ್ತು. ಗುಳಿಗೆ ಯಾರದೋ ಹೊಟ್ಟೆಗೆ ಹೋಗುವ ಮೊದಲೇ ಲೈನು ನಿಲ್ಲಿಸಬೇಕ್ರಿ, ಸತ್ತ ಮೇಲೆ ನಿಲ್ಲಿಸಿದರೆ ಏನು ಬಂತು ಅನ್ನಬೇಕೆಂದಿದ್ದೆ. ನುಂಗಿದೆ. ಆ ಮಾತನ್ನು ನೀನು ಮೊದಲೇ ಎಂಜಲು ಮಾಡಿದ್ದೆ. ಆರಿಸಿ ಒಗೆಯುವುದು ನಿಮ್ಮ ಪಡೆಯ ಮಾತು. ಅದೇ ಬಾಯಿಂದ ನನ್ನ ಮಗನನ್ನು ಆರಿಸಿ ಒಗೆಯಿರಿ ಅಂತ ನಾನು ಹೇಳಲೇ? ಹಾಗಾದರೆ ನಿಮಗೂ ನನಗೂ ಏನು ವ್ಯತ್ಯಾಸ? ಇದನ್ನು ಯೋಚಿಸಿ ಯೋಚಿಸಿ ಈ ವಾರ ಎರಡು ಸಲ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ತಿಳಿದದ್ದು ಇಷ್ಟು. ಗುಳಿಗೆಯನ್ನು ಬಣ್ಣ ನೋಡಿ ತೆಗೆಯುತ್ತೇವೆ. ನಿಮ್ಮನ್ನು ನಿಲ್ಲಿಸುವುದಾದರೆ ನೀವು ಮಾಡಿದ್ದನ್ನು ನೋಡಿ ನಿಲ್ಲಿಸಬೇಕು. ಬಸ್ತಿಯಿಂದ ಹೊರಗೆ ಹಾಕುವುದಲ್ಲ, ಪಡೆಯನ್ನು ನಿಲ್ಲಿಸುವುದು ಮಾತ್ರ. ಮತ್ತೆ ಗುಳಿಗೆಯನ್ನು ತೆಗೆಯುವಾಗ ಯಾರೂ ಅದನ್ನು ಮಾತಾಡಿಸುವುದಿಲ್ಲ. ಮನುಷ್ಯನನ್ನು ಮಾತಾಡಿಸಬೇಕು.

ಗುರುವಾರ ಸುಬ್ಬರಾಯರು ಮನೆಗೆ ಬಂದಿದ್ದರು. "ಸುಗಲಮ್ಮ, ಹೊಣೆ ನಿಂತೋರು ನೀವೇ ಅಲ್ವಾ? ನಿಮ್ಮ ಹೊಣೆ ವಾಪಸ್ ತಗೊಂಡ್ಬಿಡಿ. ಭವನದ ಬಾಗಿಲು ತಾನಾಗೇ ಮುಚ್ಚುತ್ತೆ. ಯಾರೂ ಕೈ ಎತ್ತೋದು ಬೇಡ, ಯಾರ ಮನಸ್ಸೂ ಕೆಡೋದು ಬೇಡ" ಅಂದರು. ಒಳ್ಳೆಯ ಮನುಷ್ಯ, ನನ್ನ ಮೇಲಿನ ಮರುಕದಿಂದಲೇ ಅಂದರು. ನನಗೆ ಎಷ್ಟು ಹಗುರಾಯಿತೆಂದರೆ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿಬಿಟ್ಟೆ. ಹೂಂ ಅನ್ನಬೇಕು, ಅಷ್ಟರಲ್ಲಿ ಅಳುಕು ಶುರುವಾಯಿತು. ಹಾಗೆ ಮಾಡಿದರೆ ಬಸ್ತಿಯಲ್ಲಿ ಏನಂತಾರೆ? ತಾಯಿಗೂ ಮಗನಿಗೂ ಜಗಳವಂತೆ, ಅದಕ್ಕೆ ಕೀಲಿ ಕಸಿದುಕೊಂಡಳಂತೆ ಅಂತಾರೆ. ಕೊಡ ಸರಿಸಿದ ಮಾತು ಎಲ್ಲಿಯೂ ಬರುವುದಿಲ್ಲ. ಯಾಕೆ ಬಂದ್ ಆಯಿತು ಅಂತ ನಿಮಗೂ ಯಾರೂ ಹೇಳುವುದಿಲ್ಲ. ಮುಂದಿನ ತಿಂಗಳು ಇನ್ನೊಬ್ಬ ತಾಯಿ ಖುಷಿಯಿಂದ ಬಂದು ಕಂಬ ಹಿಡಿಯುತ್ತಾಳೆ, ಪಡೆಗೆ ಬೇರೆ ಹೆಸರು ಬರುತ್ತದೆ.

"ಸಾಬಣ್ಣ ದೂರು ಹೇಳಿದ್ದು ನೆನಪೈತೇನ್ರಿ?" ಅಂತ ಕೇಳಿದೆ. ಗಂಟಲ ಆಪರೇಷನ್ ಆಗಿ ಅವನ ದನಿ ಹೋದ ಮೇಲೆ ಅವನು ಕಂಬ ಹಿಡಿದು ನಿಂತ, ಅವನ ಸೊಸೆ ಪಕ್ಕದಲ್ಲಿ ನಿಂತು ಮಾತಾಡಿದಳು. ಕೈ ಸದಸ್ಯರದಿದ್ದರೆ ಬಾಯಿ ಯಾರದಾದರೂ ನಡೆಯುತ್ತದೆ ಅಂತ ಅಂದು ಸುಬ್ಬರಾಯರೇ ಹೇಳಿದ್ದರು. ಅವರು ಚಹಾ ಕೆಳಗಿಟ್ಟರು. "ನಿಮ್ಮ ಮಗ ಅಲ್ವೇನಮ್ಮ?" ಅಂದರು. "ಅದಕ್ಕರೀ" ಅಂದೆ.

ನಿನ್ನೆ ಊಟದ ಹೊತ್ತಿಗೆ ನಾನೇ ಹೋಗಿ ಸುಹಾಸಿನಿಯ ಪಕ್ಕ ಕುಳಿತೆ. ಸಭೆಗೆ ಬಂದು ನೀನೇ ಮಾತಾಡು ಅಂತ ಹೇಳಿದೆ. ಅವಳು ತುತ್ತು ಕಲಸುತ್ತಲೇ ಇದ್ದಳು. "ಒಮ್ಮೆ ಕೈ ತೆಗೆದದ್ದು ಸಾಕು ಅಕ್ಕಾ. ಮತ್ತೆ ಎಂತಕ್ಕೆ?" ಅಂದಳು. ಕಂಬ ನಾನು ಹಿಡಿಯುತ್ತೇನೆ ಅಂದೆ. "ನಿಮ್ಮ ಮಗ ಎದುರು ನಿಂತು ನೋಡಿದ್ರೆ? ನಡುವಲ್ಲಿ ನೀವು ಕೈ ತೆಗೆದ್ರೆ ನಾನು ಎಂತ ಮಾಡುದು?" ಅವಳು ನನ್ನನ್ನು ನಂಬಲಿಲ್ಲ, ಹುಲಗೇಶ. ಯಾಕೆ ನಂಬಬೇಕು? ನೆರಳಿಗೆ ಹೆದರಿ ಲೈನು ನಿಲ್ಲಿಸುವ ಹೆಂಗಸು ನಾನು. "ತೆಗಿಯಂಗಿಲ್ಲವ್ವಾ" ಅಂದೆ. ಅವಳು ಏಳುವಾಗ ತನ್ನ ಉಪ್ಪಿನಕಾಯಿಯ ಡಬ್ಬಿಯನ್ನು ನನ್ನ ಕಡೆ ಸರಿಸಿ ಹೋದಳು. ಅದರಲ್ಲಿ ಎರಡು ಹೋಳನ್ನು ನಿನ್ನ ಬುತ್ತಿಗೂ ಹಾಕುತ್ತೇನೆ. ಯಾರದು ಅಂತ ಈಗ ನಿನಗೆ ಗೊತ್ತು. ತಿನ್ನುವುದು ಬಿಡುವುದು ನಿನಗೆ ಬಿಟ್ಟದ್ದು.

ಹಾಗಾದರೆ ನಾಳೆ ಇದು ನಡೆಯುತ್ತದೆ. ನಾನು ಕಂಬ ಹಿಡಿಯುತ್ತೇನೆ, ಅವಳು ಮಾತಾಡುತ್ತಾಳೆ. ಅವಳು ಬಾರದೆ ಹೋದರೆ ಕೊಡದ ಮಾತನ್ನು ನಾನೇ ಹೇಳುತ್ತೇನೆ, ಸರಿಸಿದ ಕಾಲು ಯಾರದು ಎಂಬುದನ್ನೂ ಸೇರಿಸಿ. ನೀನು ಎದುರು ನಿಂತು ನೋಡಬೇಡ ಅಂತ ನಾನು ಕೇಳಿಕೊಳ್ಳುವುದಿಲ್ಲ. ನೋಡು.

ಅವಳ ಮಾತು ಮುಗಿದ ಮೇಲೆ ನೀನು ಏಳುತ್ತೀ. ಈ ಸಲ ಸುವರ್ಣಾ ಬಿಡುವವಳಲ್ಲ. "ಹುಲಗೇಶ ಸದಸ್ಯನಲ್ಲ, ಅವನಿಗೆಲ್ಲೈತಿ ಕಂಬ?" ಅಂತ ಕೇಳಿಯೇ ಕೇಳುತ್ತಾಳೆ. ಎಲ್ಲರೂ ಹೌದು ಹೌದು ಅನ್ನುತ್ತಾರೆ. ಸುಹಾಸಿನಿಯನ್ನು ನೀನು ಯಾವ ಮಾತಿನಿಂದ ಇಳಿಸಿದೆಯೋ ಅದೇ ಮಾತಿನಿಂದ ನಿನ್ನನ್ನು ಇಳಿಸುತ್ತಾರೆ. ಆಗ ಹೆದರಬೇಡ. ಸಿಟ್ಟಾಗಿ ಹೊರಗೆ ಹೋಗಲೂ ಬೇಡ. ನಾನು ಕೈ ತೆಗೆದಿರುವುದಿಲ್ಲ. ಬಂದು ನನ್ನ ಪಕ್ಕ ನಿಲ್ಲು. ನಿನಗೆ ಹೇಳುವುದು ಏನಿದೆಯೋ ಪೂರ್ತಿ ಹೇಳು. ನನಗೆ ಹಿಡಿಸದಿದ್ದರೂ, ಕೇಳಲು ನಾಚಿಕೆಯಾದರೂ, ನಿನ್ನ ಮಾತು ಮುಗಿಯುವ ತನಕ ಕೈ ಅಲ್ಲೇ ಇರುತ್ತದೆ, ಯಾರೂ ನಡುವೆ ಬಾಯಿ ಹಾಕುವಂತಿಲ್ಲ.

ಆಮೇಲೆ ತೆಗೆಯುತ್ತೇನೆ. ಪಡೆ ಬಂದ್ ಆಗಲಿ ಅನ್ನುವವರು ಕೈ ಎತ್ತಿರಿ ಅಂತ ಸುಬ್ಬರಾಯರು ಕೇಳಿದಾಗ ಅದೇ ಕೈಯನ್ನು ಎತ್ತುತ್ತೇನೆ. ಎಷ್ಟು ಮಂದಿ ಎತ್ತುತ್ತಾರೋ, ನಾನೊಬ್ಬಳೇ ಆಗುತ್ತೇನೋ ಗೊತ್ತಿಲ್ಲ. ಮುಗಿದ ಮೇಲೆ ಮನೆಗೆ ಬಾ. ಗೆದ್ದರೂ ಬಾ, ಸೋತರೂ ಬಾ. ಅಡುಗೆ ಮಾಡಿಟ್ಟೇ ಸಭೆಗೆ ಹೋಗಿರುತ್ತೇನೆ.

ಹುಲಿಗೆಮ್ಮ ನಿನ್ನನ್ನು ಕಾಯಲಿ ಮಗಾ. ನಿನ್ನಿಂದ ಮಂದಿಯನ್ನೂ ಕಾಯಲಿ.

ನಿನ್ನ ಹೊಣೆ ಹೊತ್ತವಳು,
ನಿನ್ನ ಅವ್ವ, ಸುಗಲಮ್ಮ